ಮಲೆನಾಡಿನ ಮಳೆಗಾಲಕ್ಕೆ ಸೀಕೊ ಎಸ್‌ಕೆಎಕ್ಸ್ 007: ದುಬಾರಿ ವಾಚ್‌ಗಳ ನಂತರ ಮತ್ತೆ ಕೈಗೆ ಬಂದ ಡೈವ್ ವಾಚ್

ಈ ಮಳೆಗಾಲ ಪೂರ್ತಿ ನನ್ನ ಕೈಯಲ್ಲಿದ್ದದ್ದು ಒಂದೇ ವಾಚ್. ಸೀಕೊ ಎಸ್‌ಕೆಎಕ್ಸ್ 007, ಜಪಾನಿನ ಸೀಕೊ ಕಂಪನಿಯವರ ಡೈವ್ ವಾಚ್, ಅಂದರೆ ಸಮುದ್ರದಲ್ಲಿ ಮುಳುಗುವವರಿಗೆ ಅಂತ ಮಾಡಿದ್ದು. ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ, ಶಿವಮೊಗ್ಗ ಪೇಟೆಯ ಓಡಾಟದಲ್ಲಿ, ಬೈಕಿನ ಮೇಲೆ, ಹಳ್ಳ ದಾಟುವಾಗ, ಎಲ್ಲ ಕಡೆ ಇದೇ. ಬೀರುವಿನಲ್ಲಿ ಇದರ ಹತ್ತಿಪ್ಪತ್ತು ಪಟ್ಟು ಬೆಲೆಯ ವಾಚ್‌ಗಳಿವೆ. ಅವನ್ನೆಲ್ಲ ಆಸೆಪಟ್ಟೇ ಕೊಂಡಿದ್ದೇನೆ, ಇವತ್ತಿಗೂ ಅವುಗಳ ಮೇಲೆ ಪ್ರೀತಿ ಇದೆ. ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮ ಕಡೆ ನಾವು ಬದುಕುವ ರೀತಿಗೆ ಈ ವಾಚ್ ಹೊಂದಿಕೊಂಡಷ್ಟು ಬೇರೆ ಯಾವುದೂ ಹೊಂದಿಕೊಂಡಿಲ್ಲ. ಅದಕ್ಕೇ ಈ ರಿವ್ಯೂ.

ಇದು ಹೊಸದಾಗಿ ಕೊಂಡದ್ದಲ್ಲ. ಚಿಕ್ಕಪ್ಪ ಗಲ್ಫ್‌ನಲ್ಲಿ ಕೆಲಸದಲ್ಲಿದ್ದಾಗ ರಜೆಗೆ ಬರುತ್ತಾ ತಂದುಕೊಟ್ಟದ್ದು. ಆಗ ಇದು 200 ಡಾಲರ್ ಒಳಗೆ ಸಿಗುತ್ತಿತ್ತು. ಅದಕ್ಕೂ ಮೊದಲು ನಮ್ಮ ಮನೆಯಲ್ಲಿ ವಾಚ್ ಅಂದರೆ ಎಚ್‌ಎಂಟಿ. ಅಪ್ಪಯ್ಯನ ಕೈಯಲ್ಲಿ ಜನತಾ ಇತ್ತು. ದಿನಾ ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಅದಕ್ಕೆ ಕೀ ಕೊಡುವುದು ಅವರ ಕ್ರಮ. ಎಚ್‌ಎಂಟಿಯವರು 1961ರಲ್ಲಿ ಬೆಂಗಳೂರಿನಲ್ಲಿ ವಾಚ್ ಮಾಡಲು ಶುರು ಮಾಡಿದ್ದು ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ, ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಹಾಗಾಗಿ ಜಪಾನಿನ ಮಷೀನ್ ಮೇಲಿನ ನಂಬಿಕೆ ನಮ್ಮ ಮನೆಗಳಿಗೆ ಹೊಸದೇನಲ್ಲ. ಕೀ ಕೊಡದೆ ಓಡುವ, ನೀರಿಗೆ ಇಳಿದರೂ ಬಿಚ್ಚಬೇಕಿಲ್ಲದ ವಾಚ್ ನೋಡಿದ್ದು ಮಾತ್ರ ಅದೇ ಮೊದಲು. ನನಗೆ ವಾಚ್ ಹುಚ್ಚು ಹತ್ತಿದ್ದೂ ಅಲ್ಲಿಂದಲೇ.

ಆಮೇಲೆ ಕೆಲಸ ಸಿಕ್ಕಿತು. ಅಡಿಕೆಗೂ ಒಳ್ಳೆಯ ರೇಟ್ ಬಂತು, ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡಿತು. ಟಿಸೊ ಬಂತು, ಲಾಂಜೀನ್ ಬಂತು, ಒಮೆಗಾ, ಟ್ಯೂಡರ್ ಬಂದವು. ಸ್ವಿಸ್ ವಾಚ್‌ಗಳಲ್ಲಿ ಕೊಡುವ ದುಡ್ಡಿಗೆ ಬೆಲೆ ಇಲ್ಲ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಪಾಲಿಶ್ ಮಾಡಿದ ಅಂಚು ಬ್ರಷ್ ಮಾಡಿದ ಮೇಲ್ಮೈಗೆ ಸೇರುವ ಜಾಗ ನೋಡಿದರೇ ಗೊತ್ತಾಗುತ್ತದೆ. ಸಫೈರ್ ಗಾಜಿಗೆ ಗೀರು ಬೀಳುವುದು ಅಪರೂಪ. ಕರಾರುವಾಕ್ಕಿನ ಪರೀಕ್ಷೆ ಪಾಸಾಗಿ ಕ್ರಾನೊಮೀಟರ್ ಸರ್ಟಿಫಿಕೇಟ್ ಪಡೆದ ಮೂವ್‌ಮೆಂಟ್ (ವಾಚಿನ ಒಳಗಿನ ಯಂತ್ರ) ದಿನಕ್ಕೆ ಸರಾಸರಿ 4 ಸೆಕೆಂಡ್ ಹಿಂದೆ ಅಥವಾ 6 ಸೆಕೆಂಡ್ ಮುಂದೆ, ಅದರೊಳಗೇ ಇರಬೇಕು ಅನ್ನುವುದು ನಿಯಮ. ಇಷ್ಟು ಸಣ್ಣ ಯಂತ್ರ ಅಷ್ಟು ಕರಾರುವಾಕ್ಕಾಗಿ ಓಡುವುದು ನನಗೆ ಈಗಲೂ ಆಶ್ಚರ್ಯ. ಆ ವರ್ಷಗಳಲ್ಲಿ ಎಸ್‌ಕೆಎಕ್ಸ್ ಬೀರುವಿನ ಕೆಳಗಿನ ಖಾನೆಗೆ ಹೋಯಿತು, ಅಲ್ಲೇ ಉಳಿಯಿತು.

ಅದು ವಾಪಸ್ ಬರಲು ಕಾರಣ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ನಮ್ಮ ಊರಲ್ಲಿ ಅಷ್ಟಿಲ್ಲ, ಆದರೂ ಆರಿದ್ರಾ ಮಳೆ ಹಿಡಿದರೆ ಪುಷ್ಯ, ಆಶ್ಲೇಷದವರೆಗೂ ಬಟ್ಟೆ ಒಣಗುವುದು ಒಲೆ ಮೇಲೇ. ಮಳೆಯ ನೀರಿಗಿಂತ ಗಾಳಿಯ ತೇವ ದೊಡ್ಡ ಶತ್ರು. ಚರ್ಮದ ಪಟ್ಟಿಗಳಿಗೆ ಬೀರುವಿನ ಒಳಗೇ ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಸ್ವಲ್ಪ ತಡೆಯುತ್ತದೆ, ಅಷ್ಟೇ. ಒಂದು ಮಳೆಗಾಲದಲ್ಲಿ ದುಬಾರಿ ವಾಚ್ ಒಂದರ ಗಾಜಿನ ಒಳಗಡೆ ಮಂಜು ಕಟ್ಟಿತು. ನೀರಿಗೆ ಇಳಿಸಿದ್ದೇ ಇಲ್ಲ, ಬೈಕಿನಲ್ಲಿ ಮಳೆಗೆ ಸಿಕ್ಕಿಹಾಕಿಕೊಂಡಿದ್ದೆ. ಅದನ್ನು ಬೆಂಗಳೂರಿಗೆ ಕಳಿಸಿ, ಬಿಚ್ಚಿಸಿ, ಒಣಗಿಸಿ, ಎಣ್ಣೆ ಹಾಕಿಸಿ ತರುವಷ್ಟರಲ್ಲಿ ದೀಪಾವಳಿ ಬಂದಿತ್ತು. ಆ ನಡುವೆ ಕೈಗೆ ಏನಾದರೂ ಬೇಕಲ್ಲ ಅಂತ ಕೆಳಗಿನ ಖಾನೆ ತೆಗೆದಾಗ ಎಸ್‌ಕೆಎಕ್ಸ್ ಸಿಕ್ಕಿತು. ಎರಡು ಸಲ ಅಲುಗಾಡಿಸಿದೆ, ಓಡಲು ಶುರುವಾಯಿತು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ವಾಚ್ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ತೆಗೆದುಕೊಂಡು ಹೋದೆ. ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ನೋಡಿ, "ಇದಕ್ಕೆ ಎಂತ ಆಗ್ತದೆ ಮಾರಾಯ್ರೆ, ರಬ್ಬರ್ ಹಳೆಯದಾಗಿದೆ ಅಷ್ಟೇ, ಅದೊಂದು ಬದಲಾಯಿಸುವ" ಅಂದರು. ಬದಲಾಯಿಸಿದರು. ಅಲ್ಲಿಂದ ಕೈಯಲ್ಲೇ ಇದೆ.

ಈಗ ವಾಚ್ ವಿಷಯಕ್ಕೆ ಬರೋಣ. ಸೀಕೊ ಮೊದಲ ಡೈವ್ ವಾಚ್ ಮಾಡಿದ್ದು 1965ರಲ್ಲಿ, 150 ಮೀಟರಿನದು. ರೋಲೆಕ್ಸ್ ಸಬ್‌ಮರೀನರ್ ಮತ್ತು ಬ್ಲಾಂಪಾನ್ ಫಿಫ್ಟಿ ಫ್ಯಾದಮ್ಸ್ ಬಂದದ್ದು 1953ರಲ್ಲಿ, ಅಂದರೆ ಸೀಕೊ ಹನ್ನೆರಡು ವರ್ಷ ತಡ. ಆದರೆ ಸಾಮಾನ್ಯ ಜನ ಕೊಳ್ಳಬಹುದಾದ ಬೆಲೆಗೆ ನಿಜವಾದ ಡೈವ್ ವಾಚ್ ಕೊಟ್ಟವರಲ್ಲಿ ಸೀಕೊ ಮುಂದೆ. ಎಸ್‌ಕೆಎಕ್ಸ್ 007 ಬಂದದ್ದು 1996ರಲ್ಲಿ, ನಿಂತದ್ದು 2019ರಲ್ಲಿ. ಅಷ್ಟು ವರ್ಷ ಹೆಚ್ಚು ಕಡಿಮೆ ಅದೇ ರೂಪದಲ್ಲಿ ಮಾರಾಟವಾಯಿತು. ಕಪ್ಪು ಡಯಲ್, ಕಪ್ಪು ಬೆಜೆಲ್, ಅಂದರೆ ಗಾಜಿನ ಸುತ್ತ ತಿರುಗುವ ಬಳೆ. ನೀಲಿ ಕೆಂಪು ಬೆಜೆಲ್ ಇರುವುದು ಎಸ್‌ಕೆಎಕ್ಸ್ 009. ಎರಡರಲ್ಲೂ ಒಳಗಿನದು ಒಂದೇ.

ಡಯಲ್ ಮೇಲೆ 'ಡೈವರ್ಸ್ 200 ಮೀಟರ್' ಅಂತ ಬರೆದಿದೆ. ಈ ಮಾತಿಗೆ ತೂಕ ಇದೆ. ಎಷ್ಟೋ ಜನ 30 ಮೀಟರ್, 50 ಮೀಟರ್ ಅಂತ ಬರೆದ ವಾಚ್ ಕಟ್ಟಿಕೊಂಡು ಹೊಳೆಗೆ ಇಳಿಯುತ್ತಾರೆ. 30 ಮೀಟರ್ ಅಂದರೆ ಕೈ ತೊಳೆಯುವಾಗ ಸಿಡಿಯುವ ನೀರಿಗೆ, ಸಣ್ಣ ಮಳೆಗೆ ತೊಂದರೆ ಇಲ್ಲ ಅಂತ ಅರ್ಥ. 'ಡೈವರ್ಸ್' ಅಂತ ಬರೆಯಬೇಕಾದರೆ ಐಎಸ್‌ಒ 6425 ಅನ್ನುವ ಅಂತಾರಾಷ್ಟ್ರೀಯ ಮಾನದಂಡಕ್ಕೆ ಹೊಂದಬೇಕು. ಹೇಳಿದ ಆಳಕ್ಕಿಂತ ಕಾಲು ಪಾಲು ಜಾಸ್ತಿ ಒತ್ತಡದಲ್ಲಿ ಪರೀಕ್ಷೆ ಆಗಬೇಕು. ಕತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಸಮಯ ಕಾಣಬೇಕು. ವಾಚ್ ಓಡುತ್ತಿದೆ ಅನ್ನುವುದೂ ಕತ್ತಲಲ್ಲೇ ಗೊತ್ತಾಗಬೇಕು, ಅದಕ್ಕೇ ಇದರ ಸೆಕೆಂಡ್ ಮುಳ್ಳಿಗೂ ಹೊಳೆಯುವ ಚುಕ್ಕೆ ಇದೆ. ಉಪ್ಪು ನೀರು, ಹೊಡೆತ, ಅಯಸ್ಕಾಂತ, ಬಿಸಿ ನೀರಿನಿಂದ ತಣ್ಣೀರಿಗೆ ಹಾಕುವುದು, ಇದೆಲ್ಲಕ್ಕೂ ಪರೀಕ್ಷೆ ಇದೆ. ಇದನ್ನೆಲ್ಲ ಸಮುದ್ರದಲ್ಲಿ ಮುಳುಗುವವರಿಗೆ ಅಂತ ಮಾಡಿದ್ದು ನಿಜ. ಆದರೆ ಪಟ್ಟಿಯನ್ನು ಒಂದು ಸಲ ಓದಿ ನೋಡಿ. ನೀರು, ಕತ್ತಲು, ಹೊಡೆತ, ಬಿಸಿ ತಣ್ಣಗಿನ ಬದಲಾವಣೆ. ಜುಲೈ ತಿಂಗಳ ತೋಟದಲ್ಲಿ ನಮಗೆ ಬೇಕಾದ್ದೂ ಇವೇ ಅಲ್ವಾ?

ಕೈಗೆ ಕಟ್ಟಿದರೆ ಮೊದಲು ಗೊತ್ತಾಗುವುದು ಕೀ ಇರುವ ಜಾಗ. ಸಾಮಾನ್ಯವಾಗಿ 3ರ ಹತ್ತಿರ ಇರುವ ಕೀ ಇದರಲ್ಲಿ 4ರ ಹತ್ತಿರ ಇದೆ, ಎರಡು ಪಕ್ಕದಲ್ಲೂ ಲೋಹದ ರಕ್ಷಣೆ ಇದೆ. ಮುಂಗೈ ಮಡಚಿದಾಗ ಚುಚ್ಚುವುದಿಲ್ಲ. ಕತ್ತಿ ಹಿಡಿದು ಕಳೆ ಸವರುವಾಗ, ಸ್ಪ್ರೇ ಪೈಪ್ ಎಳೆಯುವಾಗ, ಬೈಕಿನ ಹ್ಯಾಂಡಲ್ ಹಿಡಿದಾಗ ಇದರ ಬೆಲೆ ತಿಳಿಯುತ್ತದೆ. ನನ್ನ ಸ್ವಿಸ್ ವಾಚ್‌ಗಳಲ್ಲಿ ಈ ಸುಖ ಇಲ್ಲ. ಕೀಯನ್ನು ತಿರುಪಿ ಬಿಗಿ ಮಾಡಬೇಕು, ಬಿಗಿ ಮಾಡಿದ ಮೇಲೆ ನೀರಿಗೆ ದಾರಿ ಇಲ್ಲ. ಕೇಸ್, ಅಂದರೆ ವಾಚಿನ ಲೋಹದ ಮೈ, ಅದರ ಅಗಲ ಸುಮಾರು 42 ಮಿಲಿಮೀಟರ್, ದಪ್ಪ 13ರ ಮೇಲೆ. ಓದಿದರೆ ದೊಡ್ಡದು ಅನ್ನಿಸುತ್ತದೆ. ಆದರೆ ಪಟ್ಟಿ ಸಿಕ್ಕಿಸುವ ಮೇಲಿನ ಕಾಲುಗಳಿಂದ ಕೆಳಗಿನ ಕಾಲುಗಳವರೆಗೆ 46 ಮಿಲಿಮೀಟರ್ ಅಷ್ಟೇ ಇರುವುದರಿಂದ ಸಣ್ಣ ಮಣಿಕಟ್ಟಿನ ಮೇಲೂ ಅಂಟಿಕೊಂಡು ಕೂರುತ್ತದೆ. ಹಿಂಬದಿಯಲ್ಲಿ ಅಲೆಯ ಚಿತ್ರ ಕೆತ್ತಿದ್ದಾರೆ. ಕೈಯಲ್ಲಿ ಕಟ್ಟಿದ ಮೇಲೆ ಯಾರಿಗೂ ಕಾಣದ ಜಾಗ ಅದು, ಆದರೂ ನನಗೆ ಬಹಳ ಇಷ್ಟ.

ಇನ್ನು ಬೆಜೆಲ್. ಈ ವಾಚಿನ ಬಗ್ಗೆ ನನಗೆ ಒಂದೇ ಮಾತು ಹೇಳಲು ಬಿಟ್ಟರೆ ಇದರ ಬಗ್ಗೆಯೇ ಹೇಳುತ್ತೇನೆ. ದುಬಾರಿ ಡೈವ್ ವಾಚ್‌ಗಳಲ್ಲೂ ಇದೆ, ಇಲ್ಲ ಅಂತಲ್ಲ. ಆದರೆ ಅವನ್ನು ಕೆಲಸಕ್ಕೆ ಕಟ್ಟಿಕೊಂಡು ಹೋಗಲು ಮನಸ್ಸು ಬಂದರೆ ತಾನೇ ಬೆಜೆಲ್ ತಿರುಗಿಸುವ ಪ್ರಶ್ನೆ. ಇದರ ಬೆಜೆಲ್ ಒಂದು ಸುತ್ತಿಗೆ 120 ಸಲ ಟಿಕ್ ಅನ್ನುತ್ತದೆ, ಎಡಕ್ಕೆ ಮಾತ್ರ ತಿರುಗುತ್ತದೆ. ಬೆಜೆಲ್ ತಲೆಯ ಮೇಲಿನ ಹೊಳೆಯುವ ಚುಕ್ಕೆಯನ್ನು ನಿಮಿಷದ ಮುಳ್ಳಿಗೆ ಸರಿಯಾಗಿ ತಂದು ನಿಲ್ಲಿಸಿ. ಆಮೇಲೆ ಮುಳ್ಳು ಬೆಜೆಲ್ ಮೇಲೆ ಯಾವ ಅಂಕಿಗೆ ಬಂದಿದೆಯೋ ಅಷ್ಟು ನಿಮಿಷ ಆಯಿತು ಅಂತ ಲೆಕ್ಕ. ಒಂದೇ ದಿಕ್ಕಿಗೆ ತಿರುಗುವಂತೆ ಮಾಡಿದ್ದಕ್ಕೆ ಕಾರಣ ಇದೆ. ನೀರಿನ ಅಡಿಯಲ್ಲಿ ಎಲ್ಲೋ ತಗುಲಿ ಬೆಜೆಲ್ ಸರಿದರೂ ಕಳೆದ ಸಮಯ ಜಾಸ್ತಿ ತೋರಿಸುತ್ತದೆಯೇ ಹೊರತು ಕಡಿಮೆ ತೋರಿಸುವುದಿಲ್ಲ. ಸಿಲಿಂಡರಿನಲ್ಲಿ ಇನ್ನೂ ಗಾಳಿ ಇದೆ ಅಂದುಕೊಂಡು ಮುಳುಗಿದ ಮನುಷ್ಯ ಅಲ್ಲೇ ಉಳಿಯುವ ಅಪಾಯ ಇರುವುದಿಲ್ಲ. ಇಷ್ಟು ಸರಳವಾದ, ಇಷ್ಟು ಜಾಣತನದ ಯೋಚನೆ ನಾನು ಕಡಿಮೆ ನೋಡಿದ್ದೇನೆ.

ನಾನು ಇದನ್ನು ಎಲ್ಲಿ ಉಪಯೋಗಿಸುತ್ತೇನೆ ಅಂದರೆ, ಎಲ್ಲ ಕಡೆ. ಬೇಸಿಗೆಯಲ್ಲಿ ತ್ರೀ ಫೇಸ್ ಕರೆಂಟ್ ಬಂದ ಹೊತ್ತಿಗೆ ಸ್ಪ್ರಿಂಕ್ಲರ್ ಲೈನ್ ಬದಲಾಯಿಸಲು. ಸುಲಿದ ಅಡಿಕೆ ಹಂಡೆಯಲ್ಲಿ ಬೇಯುವಾಗ, ಎಷ್ಟು ಹೊತ್ತಾಯಿತು ಅಂತ ನೋಡಲು. ಆಗ ಕೈಯೆಲ್ಲ ಚೊಗರು, ಮೊಬೈಲ್ ಮುಟ್ಟಲು ಆಗುವುದಿಲ್ಲ. ಮಳೆಯಲ್ಲಿ ಒದ್ದೆ ಬೆರಳಿಗೆ ಮೊಬೈಲ್ ಸ್ಕ್ರೀನ್ ಕೇಳುವುದೂ ಇಲ್ಲ. ಬೆಜೆಲ್ ಒದ್ದೆ ಕೈಗೂ ಕೇಳುತ್ತದೆ, ಕೆಸರು ಮೆತ್ತಿದ ಕೈಗೂ ಕೇಳುತ್ತದೆ. ಇನ್ನೊಂದು ಉಪಾಯ ಇದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಚುಕ್ಕೆಯನ್ನು ನಿಮಿಷದ ಮುಳ್ಳಿನ ಬದಲು ಗಂಟೆಯ ಮುಳ್ಳಿಗೆ ಹೊಂದಿಸಿದರೆ ಬೆಜೆಲಿನ ಪ್ರತಿ 5 ನಿಮಿಷದ ಗುರುತು ಒಂದು ಗಂಟೆ ಆಗುತ್ತದೆ. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸುವ ಕಾಲದಲ್ಲಿ ನನಗೆ ಇದು ಬೇಕೇ ಬೇಕು. ಮಳೆ ಹೊಳವಾದದ್ದು ನೋಡಿಕೊಂಡು 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಸೇರಿಸಿ ಬೋರ್ಡೋ ಮಾಡಿ ಹೊಡೆಸಿರುತ್ತೇವೆ, ಅದು ಗೊನೆಯ ಮೇಲೆ ಒಣಗಲು ಎಷ್ಟು ಗಂಟೆ ಬಿಡುವು ಸಿಕ್ಕಿತು, ಅಷ್ಟರಲ್ಲಿ ಮಳೆ ಬಂತಾ, ಮತ್ತೆ ಹೊಡೆಸಬೇಕಾ ಅನ್ನುವುದು ಸಾವಿರಾರು ರೂಪಾಯಿಯ ಪ್ರಶ್ನೆ. ಆಳುಗಳು ಕೆಳಗಿಳಿದ ಹೊತ್ತಿಗೆ ಬೆಜೆಲ್ ತಿರುಗಿಸಿ ಬಿಟ್ಟರೆ ಆಯಿತು. ಮೊದಲ ಹನಿ ಬಿದ್ದಾಗ ನೋಡಿದರೆ ಎಷ್ಟು ಗಂಟೆ ಸಿಕ್ಕಿತು ಅಂತ ಅಲ್ಲೇ ಕಾಣುತ್ತದೆ.

ಹೊಳಪಿನ ವಿಷಯಕ್ಕೂ ಸ್ವಲ್ಪ ಜಾಗ ಕೊಡಲೇಬೇಕು. ಸೀಕೊದವರ ಲೂಮಿಬ್ರೈಟ್ ಅನ್ನುವ ಬಣ್ಣವನ್ನು ಮುಳ್ಳುಗಳಿಗೆ, ಗುಂಡನೆಯ ಗುರುತುಗಳಿಗೆ ದಪ್ಪಗೆ ಹಾಕಿದ್ದಾರೆ. ಗಾಳಿ ಮಳೆಗೆ ಮರ ಲೈನ್ ಮೇಲೆ ಬಿದ್ದು ಕರೆಂಟ್ ಹೋದರೆ ನಮ್ಮ ಕಡೆ ಎರಡು ದಿನ ಬರದಿದ್ದರೂ ಆಶ್ಚರ್ಯ ಇಲ್ಲ. ಟಾರ್ಚ್ ಬೆಳಕನ್ನು ಸ್ವಲ್ಪ ಹೊತ್ತು ಚೆನ್ನಾಗಿ ಹಿಡಿದರೆ, ಕತ್ತಲಲ್ಲಿ ಬಹಳ ಹೊತ್ತಿನವರೆಗೂ ಗಂಟೆ ಎಷ್ಟು ಅಂತ ಓದಬಹುದು. ನನ್ನ ದುಬಾರಿ ವಾಚ್‌ಗಳಲ್ಲಿ ಒಂದೆರಡು ಇದಕ್ಕಿಂತ ಬೇಗ ಮಂಕಾಗುತ್ತವೆ.

ಮೂವ್‌ಮೆಂಟ್ 7ಎಸ್26. ಒಳಗಿನ ಚಕ್ರಗಳು ಸವೆಯದಂತೆ 21 ಕಲ್ಲು, ಗಂಟೆಗೆ 21,600 ಬಡಿತ, ಅಂದರೆ ಸೆಕೆಂಡಿಗೆ 6. ಸ್ವಿಸ್ ವಾಚ್‌ಗಳಲ್ಲಿ ಹೆಚ್ಚಾಗಿ 8 ಇರುತ್ತದೆ, ಹಾಗಾಗಿ ಅವುಗಳ ಸೆಕೆಂಡ್ ಮುಳ್ಳು ಇನ್ನೂ ನಯವಾಗಿ ಜಾರುತ್ತದೆ. ಕೈ ಆಡಿದಾಗ ಒಳಗಿನ ತೂಕದ ಚಕ್ರ ಎರಡೂ ಕಡೆ ತಿರುಗಿ ಸ್ಪ್ರಿಂಗ್ ಬಿಗಿ ಮಾಡುತ್ತದೆ. ಮ್ಯಾಜಿಕ್ ಲಿವರ್ ಅನ್ನುವ ಈ ವ್ಯವಸ್ಥೆಯನ್ನು ಸೀಕೊದವರು 1959ರಲ್ಲೇ ತಂದರು. ಭಾಗಗಳು ಕಡಿಮೆ, ಕೆಡುವುದೂ ಕಡಿಮೆ. ಆದರೆ ಇಲ್ಲಿ ಎರಡು ಕೊರತೆ ಇವೆ, ಕೊಳ್ಳುವವರಿಗೆ ಗೊತ್ತಿರಬೇಕು. ಕೀ ತಿರುಗಿಸಿ ಸ್ಪ್ರಿಂಗ್ ಬಿಗಿ ಮಾಡಲು ಆಗುವುದಿಲ್ಲ. ಕೀ ಹೊರಗೆ ಎಳೆದರೆ ಸೆಕೆಂಡ್ ಮುಳ್ಳು ನಿಲ್ಲುವುದೂ ಇಲ್ಲ, ಹಾಗಾಗಿ ರೇಡಿಯೊ ಸಮಯಕ್ಕೆ ಸೆಕೆಂಡ್ ಸಮೇತ ಹೊಂದಿಸುವುದು ಕಷ್ಟ. ಪೂರ್ತಿ ಬಿಗಿಯಾದ ಮೇಲೆ ಸುಮಾರು 40 ಗಂಟೆ ಓಡುತ್ತದೆ, ಶನಿವಾರ ಸಂಜೆ ಬಿಚ್ಚಿಟ್ಟರೆ ಸೋಮವಾರ ಮಧ್ಯಾಹ್ನದ ಹೊತ್ತಿಗೆ ನಿಂತಿರುತ್ತದೆ. ನನ್ನದು ದಿನಕ್ಕೆ ಹತ್ತು ಹನ್ನೆರಡು ಸೆಕೆಂಡ್ ಮುಂದೆ ಓಡುತ್ತದೆ. ವಾರಕ್ಕೊಂದು ಸಲ ಸರಿ ಮಾಡಿದರೆ ನನ್ನ ಕೆಲಸಕ್ಕೆ ಸಾಕು. ಕ್ರಾನೊಮೀಟರ್ ಕರಾರುವಾಕ್ಕು ಬೇಕೆನ್ನುವವರಿಗೆ ಸಾಕಾಗುವುದಿಲ್ಲ, ಅದನ್ನು ಮುಚ್ಚಿಡುವುದು ಸರಿಯಲ್ಲ. ವಾರ, ತಾರೀಕು ಎರಡೂ ಇದೆ. ರಾತ್ರಿ 9ರ ನಂತರ ಬೆಳಗಿನ ಜಾವದವರೆಗೆ ಅವನ್ನು ಕೈಯಿಂದ ಬದಲಾಯಿಸಬೇಡಿ, ಆ ಹೊತ್ತಿನಲ್ಲಿ ಒಳಗಿನ ಹಲ್ಲುಗಳು ತಾವೇ ತಾರೀಕು ಬದಲಾಯಿಸಲು ಕಚ್ಚಿಕೊಂಡಿರುತ್ತವೆ.

ಗಾಜು ಸಫೈರ್ ಅಲ್ಲ, ಹಾರ್ಡ್‌ಲೆಕ್ಸ್, ಅಂದರೆ ಗಟ್ಟಿ ಮಾಡಿದ ಮಿನರಲ್ ಗಾಜು. ಗೀರು ಬೀಳುತ್ತದೆ. ನನ್ನದರ ಮೇಲೆ ಜಂಬಿಟ್ಟಿಗೆ ಕಲ್ಲಿನ ಗೋಡೆಗೆ ಉಜ್ಜಿದ ಗುರುತು ಇದೆ. ಆದರೆ ಹೊಡೆತ ಬಿದ್ದರೆ ಚೂರಾಗುವ ಗುಣ ಇದಕ್ಕೆ ಸಫೈರ್‌ಗಿಂತ ಕಡಿಮೆ, ತೋಟದ ಕೆಲಸಕ್ಕೆ ಅದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಜೊತೆಗೆ ಬರುವ ಸ್ಟೀಲ್ ಚೈನ್ ಹಗುರ, ಸದ್ದು ಮಾಡುತ್ತದೆ, ಕೂದಲು ಎಳೆಯುತ್ತದೆ. ವಾಚಿನ ಗುಣಕ್ಕೆ ಅದು ಸಾಟಿಯಲ್ಲ. ಪಟ್ಟಿಯ ಅಗಲ 22 ಮಿಲಿಮೀಟರ್, ಬೇಕಾದಷ್ಟು ಸಿಗುತ್ತವೆ. ನೈಲಾನ್ ಪಟ್ಟಿ ಹಾಕಿ ನೋಡಿದೆ, ಬೇಸಿಗೆಗೆ ಚೆನ್ನ, ಮಳೆಗಾಲದಲ್ಲಿ ಒಣಗುವುದೇ ಇಲ್ಲ, ಚರ್ಮ ತುರಿಸುತ್ತದೆ. ರಬ್ಬರ್ ಪಟ್ಟಿಯೇ ಸರಿ. ಒರೆಸಿದರೆ ಒಣಗಿತು, ಅದಕ್ಕೆ ಕಚ್ಚಿಕೊಂಡ ಉಂಬಳವನ್ನೂ ಸುಲಭವಾಗಿ ಕಿತ್ತು ಬಿಸಾಡಬಹುದು. ಪಟ್ಟಿ ಹಿಡಿದಿರುವ ಸ್ಪ್ರಿಂಗ್ ಕಡ್ಡಿಗಳು ಸೀಕೊ ಡೈವ್ ವಾಚ್‌ಗಳಲ್ಲಿ 2.5 ಮಿಲಿಮೀಟರ್ ದಪ್ಪ ಇರುತ್ತವೆ. ಸಾಮಾನ್ಯ ಕಡ್ಡಿಗಳು ಇದಕ್ಕಿಂತ ತೆಳ್ಳಗೆ. ಪಟ್ಟಿ ಬದಲಾಯಿಸುವಾಗ ಅಂಗಡಿಯವರು ತೆಳ್ಳಗಿನ ಕಡ್ಡಿ ಹಾಕಿಕೊಡದಂತೆ ನೋಡಿಕೊಳ್ಳಿ, ಹಳೆಯದನ್ನೇ ಹಾಕಿಸಿ.

ಸಮುದ್ರಕ್ಕೂ ಇಳಿಸಿದ್ದೇನೆ. ಸಾಗರ, ಜೋಗ ದಾಟಿ ಹೊನ್ನಾವರಕ್ಕೆ ಇಳಿದು ಮುರುಡೇಶ್ವರಕ್ಕೆ ಹೋದರೆ ಅಲ್ಲಿಂದ ನೇತ್ರಾಣಿ ದ್ವೀಪಕ್ಕೆ ಬೋಟ್‌ನಲ್ಲಿ ಕರೆದುಕೊಂಡು ಹೋಗಿ ಸ್ಕೂಬಾ ಮಾಡಿಸುತ್ತಾರೆ. ಮಳೆಗಾಲ ಕಳೆದ ಮೇಲೆ ಹೋಗಬೇಕು. ಮೊದಲ ಸಲದವರನ್ನು 12 ಮೀಟರಿಗಿಂತ ಕೆಳಗೆ ಬಿಡುವುದಿಲ್ಲ, ವಾಚಿಗೆ ಅದು ಲೆಕ್ಕಕ್ಕೇ ಇಲ್ಲ. ನೀರಿನೊಳಗೆ ಕೆಂಪು ಬಣ್ಣ ಎಲ್ಲಕ್ಕಿಂತ ಮೊದಲು ಮಾಯವಾಗುತ್ತದೆ, ಸುತ್ತ ಎಲ್ಲ ನೀಲಿ ಹಸಿರು. ಅಂಥ ಕಡೆ ಕಪ್ಪು ಡಯಲ್ ಮೇಲಿನ ಬಿಳಿ ಗುರುತುಗಳು ಎಷ್ಟು ಸ್ಪಷ್ಟವಾಗಿ ಕಂಡವು ಅಂದರೆ, ಈ ಡಯಲ್ ಯಾಕೆ ಇಷ್ಟು ಸರಳವಾಗಿದೆ ಅಂತ ಅವತ್ತು ಅರ್ಥವಾಯಿತು. ನಮ್ಮ ಜೊತೆ ಇಳಿದ ಗುರುಗಳ ಕೈಯಲ್ಲಿ ಆಳ, ಸಮಯ ಲೆಕ್ಕ ಹಾಕುವ ಡೈವ್ ಕಂಪ್ಯೂಟರ್ ಇತ್ತು. ಈಗ ಎಲ್ಲರೂ ಅದನ್ನೇ ನಂಬುವುದು, ಅದು ಸರಿಯೂ ಹೌದು.

ನೀರಿಗೆ ಇಳಿಸುವವರು ಒಂದು ವಿಷಯ ಗಮನಿಸಬೇಕು. 200 ಮೀಟರ್ ಅನ್ನುವುದು ರಬ್ಬರ್ ರಿಂಗ್‌ಗಳು ಚೆನ್ನಾಗಿರುವವರೆಗೆ ಮಾತ್ರ. ಹಳೆಯ ವಾಚಾದರೆ ರಿಂಗ್ ಬದಲಾಯಿಸಿ, ಪ್ರೆಶರ್ ಟೆಸ್ಟ್ ಮಷೀನ್ ಇರುವ ಕಡೆ ಪರೀಕ್ಷೆ ಮಾಡಿಸಿಯೇ ಇಳಿಸಿ. ಬಿಚ್ಚಿಸುವ ಕೆಲಸ ಏನಿದ್ದರೂ ಬೇಸಿಗೆಯಲ್ಲೇ ಮಾಡಿಸಿ. ಮಳೆಗಾಲದಲ್ಲಿ ಹಿಂಬದಿ ತೆಗೆದು ಮುಚ್ಚಿದರೆ ಆ ತೇವದ ಗಾಳಿಯೂ ಒಳಗೇ ಉಳಿಯುತ್ತದೆ, ಆಮೇಲೆ ತಣ್ಣನೆಯ ಮಳೆ ಗಾಜಿನ ಮೇಲೆ ಬಿದ್ದಾಗ ಒಳಗಡೆ ಮಂಜು ಕಟ್ಟುತ್ತದೆ. ನೀರು ಒಳಗೆ ಹೋಗಿದೆ ಅಂತ ಗಾಬರಿ ಆಗುತ್ತದೆ. ಮೃಗಶಿರಾ ಮಳೆ ಶುರುವಾಗುವ ಮೊದಲು ಮುಗಿಸಿಕೊಳ್ಳುವುದು ಒಳ್ಳೆಯದು. ಹಾಗೆಯೇ ಬಚ್ಚಲಿಗೆ ಕಟ್ಟಿಕೊಂಡು ಹೋಗಬೇಡಿ. ಐಎಸ್‌ಒ ಪರೀಕ್ಷೆಯಲ್ಲಿ ಬಿಸಿ ನೀರು ಅಂದರೆ 40 ಡಿಗ್ರಿ. ನಮ್ಮ ಹಂಡೆಯ ನೀರು ಅದಕ್ಕಿಂತ ಎಷ್ಟು ಬಿಸಿ ಅಂತ ಮಲೆನಾಡಿನವರಿಗೆ ಹೇಳಬೇಕಿಲ್ಲ. ಬಿಸಿಯೂ ಸೋಪೂ ಸೇರಿ ರಬ್ಬರನ್ನು ಬೇಗ ಹಾಳು ಮಾಡುತ್ತವೆ. ಬೋರ್ಡೋ ಸಿಡಿದ ದಿನ, ಸಮುದ್ರಕ್ಕೆ ಇಳಿದ ದಿನ, ತಣ್ಣನೆಯ ಸಿಹಿ ನೀರಿನಲ್ಲಿ ತೊಳೆದು ಬೆಜೆಲ್ ನಾಲ್ಕು ಸುತ್ತು ತಿರುಗಿಸಿ. ಮರಳು, ಸುಣ್ಣ ಅಡಿಯಲ್ಲಿ ಕೂತರೆ ಬೆಜೆಲ್ ಗಟ್ಟಿಯಾಗುತ್ತದೆ.

ಈಗ ಕೊಳ್ಳುವವರ ಕಷ್ಟ. ಕಂಪನಿ ಮಾಡುವುದನ್ನು ನಿಲ್ಲಿಸಿದ ಮೇಲೆ ಬೆಲೆ ಏರಿದೆ, ಹಳೆಯದಕ್ಕೂ ಮೊದಲು ಹೊಸದಕ್ಕೆ ಕೊಡುತ್ತಿದ್ದುದಕ್ಕಿಂತ ಜಾಸ್ತಿ ಕೇಳುತ್ತಾರೆ. ಅದಕ್ಕಿಂತ ತಲೆನೋವು ಅಂದರೆ, ಬಿಡಿ ಭಾಗಗಳನ್ನು ಜೋಡಿಸಿ ಅಸಲಿ ಅಂತ ಮಾರುವವರು ಬಹಳ ಇದ್ದಾರೆ. ಹಿಂಬದಿಯಲ್ಲಿ 7ಎಸ್26-0020 ಅಂತ ಇರಬೇಕು. ಸೀರಿಯಲ್ ನಂಬರಿನ ಮೊದಲ ಅಂಕಿ ತಯಾರಾದ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಕೀ ಮೇಲೆ ಯಾವ ಗುರುತೂ ಇರಬಾರದು. ಅಸಲಿಯ ಕೀ ಬೋಳಾಗಿಯೇ ಇರುತ್ತದೆ, 'ಎಸ್' ಅಂತ ಕೆತ್ತಿದ್ದರೆ ಅದು ಆಮೇಲೆ ಹಾಕಿದ್ದು. ಒಳಗಡೆ 7ಎಸ್26 ಬದಲು ಎನ್‌ಎಚ್36 ಅನ್ನುವ ಮೂವ್‌ಮೆಂಟ್ ಹಾಕಿದ್ದರೆ ಮಾತ್ರ ನಾನು ಬೇಡ ಅನ್ನುವುದಿಲ್ಲ. ಅದೂ ಸೀಕೊ ಬಳಗದ್ದೇ, ಇದೇ ಕೇಸಿಗೆ ಕೂರುತ್ತದೆ, ಕೀ ಕೊಡಬಹುದು, ಸೆಕೆಂಡ್ ಮುಳ್ಳೂ ನಿಲ್ಲುತ್ತದೆ. ಮಾರುವವರು ಅದನ್ನು ಬಾಯಿಬಿಟ್ಟು ಹೇಳಿ ಬೆಲೆ ಇಳಿಸಬೇಕು, ಅಷ್ಟೇ.

ಇಷ್ಟೆಲ್ಲ ಪರೀಕ್ಷೆ ಮಾಡುವ ತಾಳ್ಮೆ ಇಲ್ಲದವರಿಗೆ ಹೊಸದರಲ್ಲೂ ದಾರಿ ಇದೆ. 2019ರಲ್ಲಿ ಬಂದ ಸೀಕೊ 5 ಸ್ಪೋರ್ಟ್ಸ್ ನೋಡಲು ಇದರ ತಮ್ಮನ ಹಾಗೆಯೇ ಇದೆ, ಮೂವ್‌ಮೆಂಟ್ ಇನ್ನೂ ಒಳ್ಳೆಯದು. ಆದರೆ 100 ಮೀಟರ್ ಮಾತ್ರ, ಕೀ ತಿರುಪಿ ಬಿಗಿ ಮಾಡುವ ವ್ಯವಸ್ಥೆಯೂ ಇಲ್ಲ. ಪೇಟೆಯವರಿಗೆ ಸಾಕು, ತೋಟಕ್ಕೆ ನಾನು ಹೇಳುವುದಿಲ್ಲ. ಓರಿಯಂಟ್ ಕಮಾಸು ನೋಡಿ. 200 ಮೀಟರ್, ಸಫೈರ್ ಗಾಜು, ಕೀ ಕೊಡಬಹುದು, ಸೆಕೆಂಡ್ ನಿಲ್ಲುತ್ತದೆ, ಎಸ್‌ಕೆಎಕ್ಸ್‌ನ ಕೊರತೆಗಳು ಅದರಲ್ಲಿ ಇಲ್ಲ. ಸಿಟಿಜನ್ ಪ್ರೊಮಾಸ್ಟರ್‌ನ ಇಕೊ ಡ್ರೈವ್ ಬೆಳಕಿನಿಂದ ಚಾರ್ಜ್ ಆಗುತ್ತದೆ. ಪೂರ್ತಿ ಚಾರ್ಜ್ ಆದರೆ ಸುಮಾರು ಆರು ತಿಂಗಳು ಕತ್ತಲಲ್ಲೂ ಓಡುವುದರಿಂದ ಸೂರ್ಯನೇ ಕಾಣದ ನಮ್ಮ ಆಷಾಢಕ್ಕೂ ಭಯ ಇಲ್ಲ. ಇನ್ನೂ ಕಡಿಮೆಗೆ ಬೇಕಾ, ಕ್ಯಾಸಿಯೊ ಡ್ಯೂರೊ ಇದೆ. ಡಯಲ್ ಮೇಲೆ ಮಾರ್ಲಿನ್ ಮೀನಿನ ಚಿತ್ರ ಇರುವ ಎಂಡಿವಿ-106. ಸೆಲ್ ಹಾಕಿದ ವಾಚು, 200 ಮೀಟರ್, ತಿರುಪಿನ ಕೀ, 120 ಟಿಕ್‌ನ ಬೆಜೆಲ್, ಹತ್ತು ಸಾವಿರದ ಒಳಗೇ ಬರುತ್ತದೆ. ನಮ್ಮ ತೋಟದ ಕೆಲಸಕ್ಕೆ ಬರುವ ಹುಡುಗನೊಬ್ಬ ನನ್ನ ಕೈ ನೋಡಿ "ಇಂಥದ್ದೇ ಒಂದು ಬೇಕು ಅಣ್ಣಾ" ಅಂದಾಗ ನಾನು ಹೇಳಿದ್ದು ಅದನ್ನೇ. ಕೊಂಡಿದ್ದಾನೆ, ಖುಷಿಯಾಗಿದ್ದಾನೆ, ಸಮಯ ನನ್ನದಕ್ಕಿಂತ ಕರಾರುವಾಕ್ಕಾಗಿ ತೋರಿಸುತ್ತದೆ.

ನನ್ನ ಸ್ವಿಸ್ ವಾಚ್‌ಗಳಲ್ಲಿ ಕೆಲವನ್ನು ಮಾರುವ ಯೋಚನೆ ಇದೆ. ಎಲ್ಲವನ್ನೂ ಅಲ್ಲ. ಮದುವೆ, ಉಪನಯನ, ಬೆಂಗಳೂರಿನ ಓಡಾಟಕ್ಕೆ ಒಂದೆರಡು ಇರಲಿ, ನೋಡಿದರೆ ಮನಸ್ಸಿಗೆ ಸಂತೋಷ ಕೊಡುತ್ತವೆ. ಮಿಕ್ಕಿದ್ದು ಕಟ್ಟುವವರ ಕೈಗೆ ಹೋಗಲಿ, ಬೂಷ್ಟಿನ ಜೊತೆ ಯಾಕೆ ಇರಬೇಕು. ಎಸ್‌ಕೆಎಕ್ಸ್‌ಗೆ ಸಫೈರ್ ಗಾಜು ಹಾಕಿಸಿ ಅಂತ ಸ್ನೇಹಿತರು ಹೇಳುತ್ತಿರುತ್ತಾರೆ, ನಾನು ಹಾಕಿಸುವುದಿಲ್ಲ. ಮಣಿಕಟ್ಟು ತೀರಾ ಸಣ್ಣ ಇರುವವರು, 42 ಮಿಲಿಮೀಟರ್ ಭಾರ ಅನ್ನಿಸುವ ಹೆಂಗಸರು ಎಸ್‌ಕೆಎಕ್ಸ್ 013 ಹುಡುಕಿ. ಇದೇ ವಾಚು, 38 ಮಿಲಿಮೀಟರಿನದು, 200 ಮೀಟರ್ ಹಾಗೆಯೇ ಇದೆ. ಅದರ ಹಿಂಬದಿಯಲ್ಲಿ ಮಾತ್ರ 0020 ಬದಲು 0030 ಅಂತ ಇರುತ್ತದೆ.